ಲುಂಬಿನಿಯ ಕೆನ್ನೆಗೆ ಹಚ್ಚಿದ ಮಣ್ಣು

ಚಿತ್ತಾಪುರದ ಚಂದ್ರಕಲಾ ಮುಖಕ್ಕೆ ಹಚ್ಚುವ ಮಣ್ಣಿನ ಪುಡಿ ಮಾರಲು ಹೊರಟಾಗ ಓಣಿಯ ಜನ ನಕ್ಕಿದ್ದರು. "ಇವತ್ತ ಮಣ್ಣ ಮಾರ್ತಾಳ, ನಾಳಿಗಿ ಗಾಳಿನೂ ಮಾರ್ತಾಳ ಬಿಡ್ರಿ" ಎಂದು ಅವಳ ಅತ್ತೆ ಶಿವಕಾಂತಮ್ಮನೇ ಅಂದಿದ್ದಳು. ಚಂದ್ರಕಲಾ ತಲೆ ಕೆಡಿಸಿಕೊಳ್ಳಲಿಲ್ಲ. ಮದುವೆಗೆ ಮುಂಚೆ ಸೇಡಂನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿತವಳು ಅವಳು. ಸೇಡಂ ಕಡೆಯ ತವರೂರು ಮುಧೋಳದಲ್ಲಿ ಹೆಂಗಸರು ತಲೆ ತೊಳೆಯುತ್ತಿದ್ದ ಬಿಳಿಮಣ್ಣನ್ನು ತರಿಸಿ, ನೀರಿನಲ್ಲಿ ಕದಡಿ, ಹರಳೆಲ್ಲ ತಳಕ್ಕಿಳಿದ ಮೇಲೆ ನುಣುಪಾದದ್ದನ್ನಷ್ಟೇ ಬಸಿದು ಒಣಗಿಸುತ್ತಿದ್ದಳು. ಪಕ್ಕದ ಮನೆಯ ಶಹರಬಾನು ಅದನ್ನು ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ಕಸ್ತೂರಿ ಅರಿಶಿನ ಬೆರೆಸಿ ಪೊಟ್ಟಣ ಕಟ್ಟುವಳು. ವಾಡಿ, ಶಹಾಬಾದ, ಚಿಂಚೋಳಿಯ ಬಳೆ ಅಂಗಡಿಗಳವರೆಗೂ ಆ ಪೊಟ್ಟಣಗಳು ಹೋಗುತ್ತಿದ್ದವು. ಮದುವೆಯ ದಿನಗಳಲ್ಲಂತೂ ಇಬ್ಬರಿಗೂ ಕೈ ಬಿಡುವಿರುತ್ತಿರಲಿಲ್ಲ.

ಅಂಥದೇ ಒಂದು ಮುಂಜಾನೆ, ಮಗಳಿಗೆಂದು ಪುಡಿ ಒಯ್ದಿದ್ದ ವಾಡಿಯ ಅನಸುಬಾಯಿಯ ಫೋನು ಬಂತು. ಅವಳ ಮಗಳು ಲುಂಬಿನಿಗೆ ಬರುವ ಐತವಾರವೇ ಮದುವೆ.

"ಚಂದ್ರಕಲಾ, ನೀ ಈಗಿಂದೀಗ ಬಾ. ನನ್ನ ಮಗಳ ಮಾರಿ ಏನಾಗ್ಯಾದ ನಿನ್ನ ಕಣ್ಣಿಲೆ ನೋಡು."

ಮತ್ತೇನನ್ನೂ ಹೇಳದೆ ಫೋನು ಇಟ್ಟಳು. ಚಂದ್ರಕಲಾ ಸಿಕ್ಕ ಬಸ್ಸು ಹತ್ತಿದಳು. ಹೊಸ ಸೋಪು ಹಚ್ಚಿರಬಹುದು, ಬಿಸಿಲಿಗೆ ಹೋಗಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ರೈಲ್ವೆ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಲುಂಬಿನಿ ಮುಖಕ್ಕೆ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ಚಂದ್ರಕಲಾಳನ್ನು ಕಂಡು ಬಟ್ಟೆ ಸರಿಸಿದಳು. ಎರಡೂ ಕೆನ್ನೆ ಕೆಂಪಗೆ ಬಾತಿದ್ದವು. ಬಲಗೆನ್ನೆಯ ಮೇಲೆ ತೊಗಲು ಸುಲಿದು ನೀರಾಡುತ್ತಿತ್ತು.

"ಹಚ್ಚಿದ ಕೂಡ್ಲೆ ಚುರುಚುರು ಅಂತು ಅಕ್ಕಾ," ಎಂದಳು ಲುಂಬಿನಿ. "ಕೆಲಸ ಮಾಡಾಕತ್ತದ ಅನ್ಕೊಂಡು ಒಣಗೋತನ ಬಿಟ್ಟೆ."

ಅನಸುಬಾಯಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. "ಡಾಕ್ಟರ್ ಮುಲಾಮ ಬರದಾರ. ಬೀಗರಿಗಿ ಏನಂತ ಹೇಳ್ಲಿ ನಾನು? ಮಣ್ಣಾಗ ಏನ್ ಕಲಸೀದಿ?"

"ನಿಮ್ಮಾಣಿ, ಏನೂ ಕಲಸಿಲ್ಲರಿ ಅಕ್ಕಾ."

ಉಳಿದ ಪುಡಿಯನ್ನು ಕೇಳಿ ತೆಗೆದುಕೊಂಡು ಚಂದ್ರಕಲಾ ಹೊರಬಿದ್ದಳು. ಬಸ್‌ಸ್ಟ್ಯಾಂಡಿನ ನಳದ ಹತ್ತಿರ ಒಂದಿಷ್ಟನ್ನು ಕಲಸಿ ತನ್ನದೇ ಬಲಗೈಯ ಒಳಬದಿಗೆ ಬಳಿದುಕೊಂಡಳು. ಬಸ್ಸು ಚಿತ್ತಾಪುರ ಮುಟ್ಟುವ ಮೊದಲೇ ಉರಿ ಶುರುವಾಯಿತು. ಮನೆಗೆ ಬಂದು ತೊಳೆದಾಗ ಆ ಜಾಗ ಕೆಂಪಾಗಿತ್ತು. ಮನೆಯಲ್ಲಿದ್ದ ಇನ್ನೊಂದು ಪೊಟ್ಟಣ ಒಡೆದು ಎಡಗೈಗೆ ಹಚ್ಚಿದಳು. ಅಲ್ಲಿ ಏನೂ ಆಗಲಿಲ್ಲ. ಅದೇ ಮಣ್ಣು, ಅದೇ ಅರಿಶಿನ. ಒಂದು ಕೈ ತಂಪು, ಒಂದು ಕೈ ಬೆಂಕಿ. ಆಗ ಅವಳಿಗೆ ನಿಜವಾದ ಹೆದರಿಕೆ ಹೊಕ್ಕಿತು. ಎಲ್ಲ ಪುಡಿಯೂ ಕೆಟ್ಟಿದ್ದರೆ ಎಲ್ಲವನ್ನೂ ಚೆಲ್ಲಬಹುದಿತ್ತು. ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು, ಅದು ಯಾರ ಮನೆಯಲ್ಲಿ ಕೂತಿದೆ?

ಕಲಬುರಗಿಯ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಸುಜಾತಾ ಅವಳ ಹಳೆಯ ಗಿರಾಕಿ. ಮರುದಿನ ಎರಡೂ ಪೊಟ್ಟಣ ಹಿಡಿದು ಚಂದ್ರಕಲಾ ಅಲ್ಲಿಗೇ ಹೋದಳು. ಸುಜಾತಾ ಪುಡಿಯನ್ನು ಎರಡು ಬಟ್ಟಲಲ್ಲಿ ಬೇರೆ ಬೇರೆ ಕದಡಿ ಕ್ಷಾರ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ ಒಂದೊಂದು ಕಾಗದದ ಪಟ್ಟಿ ಅದ್ದಿದಳು. ಮನೆಯ ಪೊಟ್ಟಣದ ಪಟ್ಟಿ ಹಸಿರಾಯಿತು. ವಾಡಿಯದು ಕಡುನೀಲಿಗೆ ತಿರುಗಿತು.

"ಬರೇ ಮಣ್ಣು ಹಿಂಗ ಸುಡಂಗಿಲ್ಲ," ಎಂದಳು ಸುಜಾತಾ. "ಹರಳು ಉಳಿದಿದ್ರ ಗೀರ್ತದ, ತೊಗಲು ಒಣಗಸ್ತದ, ಅಷ್ಟೇ. ಇದು ಸುಣ್ಣದಂಗ ಸುಡು ಗುಣ. ಇದ್ರಾಗ ಬ್ಯಾರೆ ಏನೋ ಸೇರ್ಯಾದ. ಎಲ್ಲಿ ಒಣಗಸ್ತಿ? ಎದ್ರಾಗ ತುಂಬಿಡ್ತಿ?"

"ಅರಿವಿ ಚೀಲದಾಗರಿ."

ಹಾಗೆ ಹೇಳಿ, ಸುಜಾತಾ ಕೊಟ್ಟ ಒಂದಿಷ್ಟು ಪಟ್ಟಿ ತೆಗೆದುಕೊಂಡು ಹೊರಟಳೇ ಹೊರತು ದಾರಿಯುದ್ದಕ್ಕೂ ಅದೇ ಪ್ರಶ್ನೆ ಕೊರೆಯಿತು. ಊರಿಗೆ ಬಂದವಳೇ ಶಹರಬಾನುವಿನ ಮನೆಗೆ ಹೋಗಿ ಕೇಳಿದಳು. ಶಹರಬಾನು ಸೆರಗು ಬಾಯಿಗೆ ಒತ್ತಿಕೊಂಡಳು.

"ಅವತ್ತ ಮಳಿ ಬಂತಲ್ಲ ಆಪಾ, ನೀ ಶಹಾಬಾದಕ್ಕ ಹೋಗಿದ್ದಿ. ಮಾಳಿಗಿ ಮ್ಯಾಲಿನ ಮಣ್ಣೆಲ್ಲ ತೊಯ್ತದಂತ ಸಿಕ್ಕ ಚೀಲಕ್ಕ ತುಂಬ್ದೆ. ಸಿಮಿಟಿನ ಖಾಲಿ ಚೀಲ. ಝಾಡಿಸಿದ್ದೆ, ಖುದಾ ಕಸಮ್, ಚಂದಾಗಿ ಝಾಡಿಸಿದ್ದೆ."

ಇಬ್ಬರೂ ಮೂಲೆಯಲ್ಲಿದ್ದ ಆ ಚೀಲ ತಂದು ತಿರುವಿದರು. ತಳದ ಹೊಲಿಗೆಯ ಮಡಿಕೆಯಲ್ಲಿ ಬೂದು ಬಣ್ಣದ ಸಿಮೆಂಟು ಇನ್ನೂ ಕೂತಿತ್ತು. ಚೀಲದ ಮೇಲ್ಭಾಗದ ಮಣ್ಣು ಶುದ್ಧವಾಗಿಯೇ ಬಂದಿತ್ತು. ತಳ ಕೆರೆದು ಕಟ್ಟಿದ ಪೊಟ್ಟಣಗಳಿಗೆ ಅದು ಸೇರಿಕೊಂಡಿತ್ತು. ಒಣ ಪುಡಿಯಲ್ಲಿ ಅರಿಶಿನದ ಬಣ್ಣಕ್ಕೆ ಕಣ್ಣಿಗೆ ಕಾಣಿಸಿರಲಿಲ್ಲ.

ಚಂದ್ರಕಲಾಳಿಗೆ ಕೂಗಾಡಬೇಕೆನ್ನಿಸಿತು. ಶಹರಬಾನು ಗೋಡೆಗೊರಗಿ ಅಳುತ್ತಿದ್ದುದನ್ನು ನೋಡಿ ಸಿಟ್ಟು ನುಂಗಿದಳು. "ಅಳೋದು ಆಮ್ಯಾಲ," ಎಂದಳು. "ಮೊದ್ಲು ಪೊಟ್ಣ ವಾಪಸ್ ತರ್ಬೇಕು. ಹೊಂಡು."

ಓಣಿಯ ಮಶಾಕನ ಆಟೊ ಮಾತಾಡಿ ಇಬ್ಬರೂ ಊರೂರು ತಿರುಗಿದರು. "ಏನಾರ ಆಗ್ಯಾದೇನು?" ಎಂದು ಕೇಳಿದ ಅಂಗಡಿಯವರಿಗೆಲ್ಲ ಚಂದ್ರಕಲಾ ಆದದ್ದನ್ನು ಆದಂತೆ ಹೇಳಿದಳು. ಕೆಲವರು ಬೈದರು. ಶಹಾಬಾದದಲ್ಲೊಬ್ಬ ಇನ್ನು ನಿನ್ನ ಮಾಲೇ ಬೇಡ ಎಂದ. ಚಿಂಚೋಳಿಯ ಬಳೆ ಅಂಗಡಿಯಲ್ಲಿ ಒಂದು ಪೊಟ್ಟಣ ಮಾತ್ರ ಮಾರಾಟವಾಗಿತ್ತು.

"ಗುಂಡಮ್ಮ ಒಯ್ದಾಳರಿ. ಮೊಮ್ಮಗಳಿಗಿ ಎರೆಯಾಕ ಬೇಕಂದ್ಳು. ಕೂಸು ಇನ್ನಾ ಸಣ್ಣದು."

ಚಂದ್ರಕಲಾ ಮನೆಯ ಗುರುತು ಕೇಳಿಕೊಂಡು ಓಡಿದಳು. ಗುಂಡಮ್ಮನ ಮನೆಯ ಸಂದಿ ತಿರುಗುವಾಗಲೇ ಕೂಸು ಕಿರುಚಿ ಅಳುವುದು ಕೇಳಿಸಿತು. ಶಹರಬಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಚಪ್ಪಲಿ ಬಿಡುವುದನ್ನೂ ಮರೆತು ಚಂದ್ರಕಲಾ ಒಳನುಗ್ಗಿದಳು.

ಬಚ್ಚಲ ಮುಂದೆ ಕಾಲು ಚಾಚಿ ಕೂತ ಗುಂಡಮ್ಮ ಕೂಸಿಗೆ ಎರೆಯುತ್ತಿದ್ದಳು. "ಯಾರವಾ ನೀವು? ನೀರು ಬಿಸಿ ಆಗ್ಯಾವ, ಅದಕ್ಕ ಅಳಾಕತ್ತದ."

"ಆ ಪುಡಿ ಹಚ್ಚೀರೇನ್ರಿ, ಆಯಿ?"

"ದಿನಾ ಹಚ್ತೀನಿ. ಯಾಕ?"

ಚಂದ್ರಕಲಾ ಕೂಸಿನ ಹೊಟ್ಟೆ, ಕಂಕುಳು, ತೊಡೆಯ ಮಡಿಕೆ ಎಲ್ಲವನ್ನೂ ನೋಡಿದಳು. ಎಲ್ಲಿಯೂ ಕೆಂಪಿರಲಿಲ್ಲ. ಆದರೂ ಸುಜಾತಾ ಕೊಟ್ಟಿದ್ದ ಪಟ್ಟಿಯನ್ನು ಗುಂಡಮ್ಮನ ಪುಡಿಯ ನೀರಿಗೆ ಅದ್ದಿದಳು. ಪಟ್ಟಿ ಹಸಿರಾಯಿತು. ಅವಳು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತಳು. ಪೊಟ್ಟಣ ಬಿಟ್ಟುಕೊಡಲು ಮಾತ್ರ ಗುಂಡಮ್ಮ ಒಪ್ಪಲೊಲ್ಲಳು. "ಛಲೋ ಅದ ಅಂದಿ, ಮತ್ತ ಯಾಕ ಒಯ್ತಿ?" ಎಂದು ಜಗಳಕ್ಕೇ ನಿಂತಳು. ಕೈಮುಗಿದು ಕೇಳಿದ ಮೇಲೆ ಗೊಣಗುತ್ತಲೇ ಕೊಟ್ಟಳು.

ತಂದದ್ದನ್ನೆಲ್ಲ ಊರ ಹೊರಗೆ ಗುಂಡಿ ತೋಡಿ ಹೂಳಿದರು.

ಐತವಾರ ವಾಡಿಗೆ ಹೋಗಬೇಕೋ ಬೇಡವೋ ಎಂದು ಚಂದ್ರಕಲಾ ಸೀರೆಯುಟ್ಟ ಮೇಲೂ ಹೊಯ್ದಾಡಿದಳು. ಹೋಗದಿದ್ದರೆ ತಪ್ಪಿಸಿಕೊಂಡಂತಾಗುತ್ತದೆ ಎಂದು ಹೋದಳು. ಮಂಟಪದಲ್ಲಿ ಬುದ್ಧವಂದನೆ ನಡೆದಿತ್ತು. ಬಿಳಿ ಸೀರೆಯುಟ್ಟ ಲುಂಬಿನಿ ಪೌಡರು ಕೂಡ ಹಚ್ಚದೆ ಕೂತಿದ್ದಳು. ಬಾವು ಇಳಿದಿತ್ತು, ಬಲಗೆನ್ನೆಯ ಮೇಲೆ ಕಂದು ಕಲೆ ಉಳಿದಿತ್ತು. ಹಿಂದಿನ ಸಾಲಿನ ಹೆಂಗಸರಿಬ್ಬರು ಅದನ್ನೇ ಗುಸುಗುಸು ಮಾತಾಡುತ್ತಿದ್ದರು. ಚಂದ್ರಕಲಾ ತಲೆ ತಗ್ಗಿಸಿ ಕಂಬದ ಮರೆಯಲ್ಲಿ ನಿಂತಳು.

ಅನಸುಬಾಯಿ ಅವಳನ್ನು ನೋಡಿದಳು. ಅಂಗಡಿಯವರಿಂದ ಸುದ್ದಿ ಕೇಳಿದ್ದವಳು ಬಳಿ ಬಂದಳು.

"ಸಿಮಿಟಂತ?" ಎಂದಳು.

"ಹೌದರಿ ಅಕ್ಕಾ. ನನ್ನ ಮನ್ಯಾಗೇ ಆದ ತಪ್ಪು."

"ಮಾರಿ ಮ್ಯಾಲಿನ ಕಲಿ ಹೋಗ್ತದೋ ಇಲ್ಲೋ?"

"ಕಲಬುರಗಿ ಕಾಲೇಜಿನ ಮೇಡಮ್ಮರು ಹೋಗ್ತದಂತ ಹೇಳ್ಯಾರ. ಖರೆ ನನಗ ಗೊತ್ತಿಲ್ಲರಿ."

ಅನಸುಬಾಯಿ ನಿಟ್ಟುಸಿರು ಬಿಟ್ಟು, "ಊಟ ಮಾಡ್ಕೊಂಡು ಹೋಗು," ಎಂದಷ್ಟೇ ಹೇಳಿ ಬೀಗರ ಕಡೆ ನಡೆದಳು.

ಈಗ ಚಂದ್ರಕಲಾ ಪುಡಿ ಮಾರುವುದನ್ನು ನಿಲ್ಲಿಸಿದ್ದಾಳೆ. ಸುಜಾತಾ ಹೇಳಿದಂತೆ ಹೊಸ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿದ್ದಾಳೆ. ಲೈಸೆನ್ಸಿಗೆ ಏನೇನು ಬೇಕು ಎಂದು ವಿಚಾರಿಸಿದ್ದಾಳೆ. ವರದಿ ಇನ್ನೂ ಬಂದಿಲ್ಲ. ಫೋನು ರಿಂಗಾದಾಗಲೆಲ್ಲ, ಎತ್ತುವ ಮೊದಲು, ಯಾರ ಮನೆಯ ದೂರೋ ಏನೋ ಎಂದು ಒಂದು ಗಳಿಗೆ ನಿಲ್ಲುತ್ತಾಳೆ.