ಜೋಶಿ ಸರ್ ಕಲಿಸಿದ ಡಿಫೈಯಂಟ್

ದಾರಿಯಲ್ಲಿ ನಾಯಿ ಅಡ್ಡ ಬಂದರೆ ನಮ್ಮ ಇಂಗ್ಲಿಷ್ ಮಾಸ್ತರು ಜೋಶಿ ಸರ್ ಸೈಕಲ್ಲಿನಿಂದ ಇಳಿದು, "ಮೊದಲ ನೀನ ಹೋಗಪಾ" ಎಂದು ಬದಿಗೆ ನಿಲ್ಲುತ್ತಿದ್ದರು. ಹೆಡ್‌ಮಾಸ್ತರರು ಕೆಮ್ಮಿದರೂ ಸಾಕು, ಕುರ್ಚಿ ಬಿಟ್ಟು ಏಳುತ್ತಿದ್ದರು. ಇಂಥ ಪುಣ್ಯಾತ್ಮರು ಹತ್ತನೆಯ ತರಗತಿಯಲ್ಲಿ ನಮಗೆ 'ಡಿಫೈಯಂಟ್', ಅಂದರೆ ಹೆದರದೆ ಎದುರು ನಿಲ್ಲುವವ, ಎಂಬ ಶಬ್ದ ಕಲಿಸಿದರೆಂದರೆ ಈಗಲೂ ನಗು ಬರುತ್ತದೆ.

ಅರ್ಥ ಬಾಯಿಪಾಠ ಮಾಡಿದರೆ ಅವರು ಒಪ್ಪುತ್ತಿರಲಿಲ್ಲ. "ಶಬ್ದಾನ ಮನಿಗೆ ಒಯ್ದು, ಉಪಯೋಗಿಸಿ ಬರ್ರಿ" ಎನ್ನುತ್ತಿದ್ದರು. ನಾನು ಹೀರೇಕಾಯಿ ಪಲ್ಯ ಒಲ್ಲೆನೆಂದು ತಾಟು ಸರಿಸಿದೆ. ಅವ್ವ ಲಟ್ಟಣಿಗೆಯಿಂದ ಬೆನ್ನಿಗೊಂದು ಕೊಟ್ಟಳು. ಮರುದಿನ ವರದಿ ಒಪ್ಪಿಸಿದಾಗ ಸರ್ ತಲೆಯಾಡಿಸಿದರು.

"ಅದು ಬರೇ ಹಟ ಆತವಾ. ಎದುರಿಗೆ ನಮಗಿಂತ ದೊಡ್ಡದಿರಬೇಕು, ನಮ್ಮ ಕಡೆ ನ್ಯಾಯ ಇರಬೇಕು, ಹೊಟ್ಟಿಯೊಳಗ ಹೆದರಿಕೀನೂ ಇರಬೇಕು. ಆದ್ರೂ ಜಾಗಾ ಬಿಡಬಾರದು."

"ನೀವು ಯಾವಾಗರೆ ಹಂಗ ನಿಂತೀರೇನ್ರಿ ಸರ?"

"ಇನ್ನೂ ಪ್ರಸಂಗ ಬಂದಿಲ್ಲ" ಎಂದು ಪುಸ್ತಕ ತೆರೆದರು.

ಅದು ಬಂದದ್ದು ಪರೀಕ್ಷೆಯ ಮೊದಲ ದಿನ. ಪರೀಕ್ಷಾ ಕೇಂದ್ರ ಹುನಗುಂದದಲ್ಲಿ. ಅಮೀನಗಡದ ಈಚೆ ನಮ್ಮೂರ ಕ್ರಾಸಿನಲ್ಲಿ ನಾವು ಐವರು ಹುಡುಗಿಯರು ಪುಕ್ಕಟೆ ಬಸ್ ಪ್ರಯಾಣಕ್ಕೆಂದು ಆಧಾರ್ ಕಾರ್ಡು ಹಿಡಿದು ನಿಂತಿದ್ದೆವು. ತುಂಬಿದ ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದೂ ಹೋದರೆ ನಮ್ಮ ಪರೀಕ್ಷೆ ಹೋದಂತೆಯೇ. ಅದು ಕಂಡದ್ದೇ ತಡ, ನಮ್ಮನ್ನು ಕಳಿಸಲು ಬಂದಿದ್ದ ಸರ್ ಸೈಕಲ್ಲನ್ನು ರಸ್ತೆಗೆ ಅಡ್ಡ ಹಾಕಿ ಅದರ ಮುಂದೆ ನಿಂತುಬಿಟ್ಟರು! ಬಸ್ಸು ಕಿರ್ರೆಂದು ನಿಂತಿತು.

"ಸಾಯಾಕ ಬಂದೀರೇನ್ರಿ?" ಡ್ರೈವರ್ ಗದರಿದ.

"ಹುಡುಗ್ಯಾರ ಪರೀಕ್ಷಾ ಅದರಿ. ಇವರು ಹತ್ತೂತನಾ ನಾ ಸರಿಯೂದಿಲ್ರಿ."

ಪ್ಯಾಂಟಿನೊಳಗೆ ಸರ್ ಅವರ ಕಾಲುಗಳು ಗಡಗಡ ನಡುಗುತ್ತಿದ್ದವು. ಬಾಗಿಲು ತೆರೆಯಿತು. ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದೆವು, ಹೋಗಿ ಬರೆದೆವು, ಐವರೂ ಪಾಸಾದೆವು.

ರಜೆಯಲ್ಲಿ ನಾನು ಇಳಕಲ್ಲಿನ ಅತ್ತೆಯ ಮನೆಯಲ್ಲಿದ್ದಾಗ ಸರ್ ಎದೆನೋವಿನಿಂದ ತೀರಿಕೊಂಡರು. ಫಲಿತಾಂಶ ಬಂದ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಒಳಗೆ ಕರೆದು ಕೂರಿಸಿದರು.

"ಆ ದಿನ ಮನಿಗೆ ಬಂದು, 'ಇವತ್ತ ನಾ ಬಸ್ ತಡದು ನಿಲ್ಲಿಸಿದೆ' ಅಂದ್ರವಾ. 'ಭಾಳ ಆತು, ನಾಯಿಗೆ ದಾರಿ ಬಿಡಾವ್ರು ನೀವು!' ಅಂತ ಬಿದ್ದು ಬಿದ್ದು ನಕ್ಕೆ. ಅವರು ಮತ್ತ ಆ ಮಾತ ಎತ್ತಲಿಲ್ಲ. ಖರೇನ ಏನವಾ?"

"ಖರೆ ರಿ ಬಾಯಾರ. ಆ ಬಸ್ಸಿನ್ಯಾಗ ನಾ ಹೋಗೇನಿ."

ಇದನ್ನು ಸರ್ ಇದ್ದಾಗಲೇ ಬಂದು ಹೇಳಬೇಕಿತ್ತು ಎನಿಸಿತು. ಅವರು ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಮೇಲಿದ್ದ ಫೋಟೋದ ಕಡೆ ತಿರುಗಿದರು.

"ಖರೇನ ಅಂತ್ರಿ," ಎಂದರು. "ನಾ ನಗಬಾರದಿತ್ತು."