ಕೈ ಎತ್ತಿಸುವ ಮ್ಯಾನೇಜರು

ಗಾಜಿನ ಕೋಣೆಯೊಳಗಿಂದ ಟಿಕ್ ಟಿಕ್ ಎಂದು ಪೆನ್ನಿನ ತುದಿ ಒತ್ತುವ ಸದ್ದು ಕೇಳಿಸಿತೆಂದರೆ, ನಮ್ಮ ಮ್ಯಾನೇಜರು ಏನನ್ನೋ ನಿರ್ಧರಿಸಲಾಗದೆ ಒದ್ದಾಡುತ್ತಿದ್ದಾರೆಂದು ಅರ್ಥ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, "ಎಲ್ಲರೂ ಒಂದ್ನಿಮಿಷ ಬರ್ತೀರಾ? ಒಟ್ಟಿಗೆ ಯೋಚ್ನೆ ಮಾಡೋಣ" ಎನ್ನುತ್ತಾರೆ. ಹೊಸ ಪ್ರಿಂಟರ್ ಕೊಳ್ಳಲು, ಕಿಟಕಿಯ ಪರದೆ ಸರಿಸಲು, ಫ್ಯಾನಿನ ವೇಗ ಇಳಿಸಲು, ಎಲ್ಲದಕ್ಕೂ ನಾವು ಕೈ ಎತ್ತಬೇಕು. ಒಬ್ಬರು ಬೇಡವೆಂದರೂ ಸಾಕು, "ಯಾರ ಮನಸ್ಸೂ ನೋಯಬಾರ್ದಪ್ಪ, ನಾಳೆ ನೋಡೋಣ" ಎನ್ನುತ್ತಾರೆ. ಒಬ್ಬರನ್ನೂ ಬೈಯಲು ಬಾರದ ಆ ಮನುಷ್ಯನ ಮೇಲೆ ನಮಗೆ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚು. ಇವತ್ತು ಮಧ್ಯಾಹ್ನವೂ ಕರೆದರು. ಯಾವುದೋ ಕುರ್ಚಿಯ ಬಣ್ಣವಿರಬೇಕೆಂದು ನಗುತ್ತಾ ಹೋದೆವು. ಮೇಜಿನ ಮೇಲಿದ್ದ ಫೋನಿನಿಂದ ಡಾಕ್ಟರ ದನಿ ಬರುತ್ತಿತ್ತು: "ನಿಮ್ಮ ತಾಯಿಗೆ ಈಗಲೇ ಆಪರೇಷನ್ ಆಗ್ಬೇಕು. ಅಪಾಯ ಇದೆ, ಆದ್ರೆ ಮಾಡದಿದ್ರೆ ಉಳಿಯೋದು ಕಷ್ಟ. ಬೇಗ ಹೇಳಿ." ಮ್ಯಾನೇಜರು ನಮ್ಮ ಮುಖಗಳನ್ನು ನೋಡಿ, "ಏನ್ಮಾಡೋಣ? ನಿಮ್ಮೆಲ್ಲರ ಅಭಿಪ್ರಾಯ ಹೇಳಿ" ಎಂದರು. "ಅಯ್ಯೋ ಸಾರ್, ಹೆತ್ತಮ್ಮನ ವಿಷಯಕ್ಕೂ ಮೀಟಿಂಗಾ?" ಎಂದು ಲೆಕ್ಕದ ವಿಭಾಗದ ಅಕ್ಕ ಕಿರುಚಿ, ಆಪರೇಷನ್ ಆಗಲೆಂದು ತಾವೇ ಮೊದಲು ಕೈ ಎತ್ತಿದರು. ಬೆಚ್ಚಿಬಿದ್ದ ನಾವೂ ಒಬ್ಬೊಬ್ಬರಾಗಿ ಎತ್ತಿದೆವು. ಪೆನ್ನು ಮಾತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. "ನಿಮ್ಮ ಕೈ, ಸಾರ್?" ಎಂದು ಅಕ್ಕ ಮೆಲ್ಲಗೆ ಕೇಳಿದರು. ಇಷ್ಟು ವರ್ಷಗಳಲ್ಲಿ ಮ್ಯಾನೇಜರು ಒಮ್ಮೆಯೂ ಕೈ ಎತ್ತಿದ್ದನ್ನು ನಾವು ಕಂಡಿರಲಿಲ್ಲವೆಂಬುದು ಆಗಷ್ಟೇ ಹೊಳೆಯಿತು. ಅವರು ಪೆನ್ನು ಕೆಳಗಿಟ್ಟರು. ಕೈಯನ್ನು ಕಿವಿಯವರೆಗೆ ಎತ್ತಿ, "ಮಾಡಿ ಡಾಕ್ಟ್ರೇ, ನಾನು ಹೇಳ್ತಿದೀನಿ, ಮಾಡಿ" ಎಂದರು. "ತಡೀರಿ ಸಾರ್, ನನ್ನ ಗಾಡೀಲೇ..." ಎಂದು ಅಕ್ಕ ಇನ್ನೂ ಹೇಳುತ್ತಿರುವಾಗಲೇ, ಮ್ಯಾನೇಜರು ಫೋನನ್ನು ಎದೆಗೊತ್ತಿಕೊಂಡು, ಯಾರನ್ನೂ ಕೇಳದೆ, ಮೆಟ್ಟಿಲಿಳಿದು ನಡೆದುಬಿಟ್ಟರು.