ಒಂದು ರಿಂಗಿನ ಮರಿಯಮ್ಮ

ಬಟವಾಡಿಯ ಮರಿಯಮ್ಮನಿಗೆ ಓದು ಬರಹ ಬಾರದು. ಆದರೆ ಐನೂರು ಜನರ ಬೀಗರೂಟಕ್ಕೆ ಎಷ್ಟು ಸೇರು ರಾಗಿಹಿಟ್ಟು ಬೇಕೆಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಅಡುಗೆ ಒಪ್ಪಿಸುವವರು ಎಲೆಅಡಿಕೆ ಹಿಡಿದು ಅವಳ ಮನೆಗೇ ಬರುತ್ತಿದ್ದರು. ಅವಳ ಜೊತೆ ನಾಲ್ವರು ಹೆಂಗಸರು. ಎಲ್ಲರ ಬಳಿಯೂ ಮೊಬೈಲು, ಒಬ್ಬೊಬ್ಬರದು ಒಂದೊಂದು ಕಂಪನಿ.

ಅದರಿಂದೇನೂ ತೊಂದರೆಯಿರಲಿಲ್ಲ. ಮರಿಯಮ್ಮ ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಕೆಲಸ ಇದೆ, ಹೊರಡು ಎಂದರ್ಥ. ಅವರು ತಿರುಗಿ ಒಂದು ರಿಂಗು ಕೊಟ್ಟರೆ ಬರ್ತೀನಿ ಎಂದರ್ಥ. ಯಾವ ಸೆಟ್ಟಾಗಲಿ, ಯಾವ ಸಿಮ್ಮಾಗಲಿ ನಡೆಯುತ್ತಿತ್ತು. ಖರ್ಚು ಒಂದು ಪೈಸೆಯಿಲ್ಲ. ಅಲ್ಲೇ ಮೊಬೈಲಿಗೆ ದುಡ್ಡು ತುಂಬುವ ಕರೆನ್ಸಿ ಅಂಗಡಿ ಇಟ್ಟುಕೊಂಡಿದ್ದ ನನಗೆ ಇದನ್ನು ಕಂಡರೆ ಹೊಟ್ಟೆಯುರಿ.

2006ರಲ್ಲಿ ಒಂದು ಸ್ಕೀಮು ಬಂತು. ಎಲ್ಲರೂ ಒಂದೇ ಕಂಪನಿಯ ಸಿಮ್ಮು ಹಾಕಿಕೊಂಡರೆ ತಮ್ಮತಮ್ಮೊಳಗೆ ಮಾತೂ ಪುಕ್ಕಟೆ, ಮೆಸೇಜೂ ಪುಕ್ಕಟೆ. ಹೊರಗಿನವರಿಗೆ ಮಾಡಿದರೆ ದುಬಾರಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಕಾಲ. ಮರಿಯಮ್ಮನ ತಲೆ ತಿಂದು, ಹಳೇದು ತೆಗೆಸಿ, ಅವಳದೂ ಸೇರಿ ನಾಲ್ಕು ಸಿಮ್ಮು ಮಾರಿದೆ. ಐದನೆಯವಳು ಹುಲಿಯೂರುದುರ್ಗದ ಪುಟ್ಟಗಂಗಮ್ಮ, ಮುದ್ದೆ ತೊಳಸುವುದರಲ್ಲಿ ಎತ್ತಿದ ಕೈ. ಅವಳೂರಿನಲ್ಲಿ ಆ ಕಂಪನಿಯ ಟವರೇ ಇರಲಿಲ್ಲ.

"ಅವಳ್ಗೆ ರಿಂಗ್ ಕೊಟ್ರಾಯ್ತು ಬುಡಕ್ಕ" ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ.

ಮಾತು ಪುಕ್ಕಟೆಯಾದ ಮೇಲೆ ರಿಂಗು ಯಾರಿಗೆ ಬೇಕು? ಗುಬ್ಬಿಯ ಬೀಗರೂಟದ ಹಿಂದಿನ ದಿನ ಮರಿಯಮ್ಮ ಮೂವರ ಜೊತೆ ಗಂಟೆಗಟ್ಟಲೆ ಹರಟಿದಳು. ಎಲ್ಲರಿಗೂ ಹೇಳಿದ್ದಾಯಿತು ಅಂದುಕೊಂಡಳು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಲೆ ಎಣಿಸಿದರೆ ತಾನೂ ಸೇರಿ ನಾಲ್ಕೇ. ಅವತ್ತು ಮುದ್ದೆಯ ತುಂಬಾ ಗಂಟು. ಗಂಡಿನ ಕಡೆಯವರು ಉಂಡದ್ದಕ್ಕಿಂತ ನಕ್ಕದ್ದೇ ಹೆಚ್ಚು.

ಮಾರನೇ ದಿನ ಅಂಗಡಿಗೆ ಬಂದವಳೇ ಹೊಸ ಸಿಮ್ಮು ಬಿಚ್ಚಿ ಗಾಜಿನ ಮೇಲೆ ಕುಕ್ಕಿದಳು.

"ತಗೊಳ್ಳಾ ಕನಕರಾಜ, ನಿನ್ ಪುಕ್ಸಟ್ಟೆ ನೀನೇ ಮಡಿಕ್ಕೊ. ಹಳೇದ್ ಹಾಕ್ಕೊಡು."

ಹಾಕಿಕೊಟ್ಟೆ. ಪುಟ್ಟಗಂಗಮ್ಮನಿಗೆ ಒಂದು ರಿಂಗು ಕೊಟ್ಟು ಕಟ್ ಮಾಡಿದಳು. ಇಬ್ಬರೂ ಫೋನನ್ನೇ ನೋಡುತ್ತಾ ನಿಂತೆವು. ತಿರುಗಿ ರಿಂಗು ಬರದಿದ್ದರೆ ಏನು ಗತಿ?

ಫೋನು ಒಂದು ಸಲ ಬಡಿದುಕೊಂಡಿತು. ಎರಡು, ಮೂರು. ನಿಲ್ಲಲೇ ಇಲ್ಲ. ಕರೆನ್ಸಿ ಹೋಗುತ್ತದೆಂದು ಹೆತ್ತ ಮಗಳಿಗೂ ಫೋನು ಮಾಡದವಳು ಪುಟ್ಟಗಂಗಮ್ಮ. ಮರಿಯಮ್ಮ ಹೆದರುತ್ತಲೇ ಎತ್ತಿದಳು. ಆ ಕಡೆಯ ದನಿ ನನಗೂ ಕೇಳಿಸಿತು.

"ಹದಿನೈದ್ ದಿನದಿಂದ ನಿನ್ ಫೋನ್ ಸ್ವಿಚ್ ಆಫ್ ಅಂತದೆ ಕಣಕ್ಕಾ. ದಿನಾ ಚೀಲ ಕಟ್ಕೊಂಡ್ ಕಾಯ್ತಾ ಇದೀನಿ. ನಾನೇನ್ ತಪ್ ಮಾಡ್ದೆ?"

ನಾನು ತಲೆ ಬಗ್ಗಿಸಿ ಕರೆನ್ಸಿ ಕಾರ್ಡು ಜೋಡಿಸತೊಡಗಿದೆ. ನಾಚಿಕೆಯಾಗಿತ್ತು.

"ತಪ್ ನಂದು ಕಣೇ" ಅಂದಳು ಮರಿಯಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಸೋಮವಾರ ಕುಣಿಗಲ್‌ನಾಗೆ ಮುನ್ನೂರ್ ಎಲೆ ಅದೆ, ಬಾ. ಈಗ ಇಡೇ, ನಿನ್ ದುಡ್ ಹೋಯ್ತದೆ."

"ಹೋಗ್ಲಿ ಬುಡಕ್ಕಾ" ಅಂದಳು ಪುಟ್ಟಗಂಗಮ್ಮ. ಇಡಲಿಲ್ಲ.